ನಾಲ್ಕು ಅಡಿ ಹಲಗೆಯ ಮೇಲೆ ಬಾರ್ಶಿ ಲೈಟ್ ರೈಲ್ವೆ

ಆಂಟಾಪ್ ಹಿಲ್‌ನಲ್ಲಿ ರೈಲಿಗೆ ಬರವಿಲ್ಲ. ಒಂದು ಕಡೆ ವಡಾಲಾದಿಂದ ಗುರು ತೇಗ್ ಬಹಾದುರ್ ನಗರಕ್ಕೆ (ನಮ್ಮಂಥ ಹಳಬರ ಬಾಯಲ್ಲಿ ಅದಿನ್ನೂ ಕೋಳಿವಾಡಾನೇ!) ಹೋಗುವ ಹಾರ್ಬರ್ ಲೈನು. ಇನ್ನೊಂದು ಕಡೆ 1915ರಲ್ಲಿ ಶುರುವಾದ ಪೋರ್ಟ್ ಟ್ರಸ್ಟ್ ರೈಲ್ವೆ. 2019ರಲ್ಲಿ ಮೊನೊ ರೈಲಿನ ಎರಡನೇ ಹಂತ ತೆರೆದಾಗ ನಮ್ಮ ಏರಿಯಾದ ಹೆಸರಿನದೇ ಒಂದು ಸ್ಟೇಷನ್ ಕೂಡ ಆಯಿತು. ಹಾರ್ಬರ್ ಲೈನಿನ ಎರಡು ಹಳಿಗಳ ನಡುವಿನ ಅಂತರ 5 ಅಡಿ 6 ಅಂಗುಲ. ಮೊನೊ ರೈಲಿಗೆ ಹಳಿಯೇ ಇಲ್ಲ, ಒಂದೇ ಕಾಂಕ್ರೀಟ್ ತೊಲೆ. ಇವುಗಳ ನಡುವೆ ನಮ್ಮ ಮನೆಯ ಹಾಲ್‌ನಲ್ಲಿ ಇನ್ನೊಂದು ರೈಲ್ವೆ ಇದೆ. ಅದರ ಹಳಿಗಳ ಅಂತರ 9 ಮಿಲಿಮೀಟರ್!

ದಿವಾನದ ಮೇಲುಗಡೆ ಗೋಡೆಗೆ ಬಡಿದ ನಾಲ್ಕು ಅಡಿ ಉದ್ದ, ಒಂದು ಅಡಿ ಅಗಲದ ಹಲಗೆ. ಅದರ ಮೇಲೆ ಒಂದು ಸಣ್ಣ ಸ್ಟೇಷನ್, ಎರಡು ಹಳಿ, ನಾಲ್ಕು ಬೋಗಿ, ಆರು ವ್ಯಾಗನ್. ಇದಕ್ಕೆ ಈ ಹವ್ಯಾಸದವರು 'ಲೇಔಟ್' ಅನ್ನುತ್ತಾರೆ. ನಮ್ಮ ಮನೆಗೆ ಬಂದವರೆಲ್ಲ ಮೊದಲು ಕೇಳುವ ಪ್ರಶ್ನೆ ಒಂದೇ, "ಇದು ಮಾಥೇರಾನಾ?" ಅಲ್ಲ ಅಂತ ಹೇಳಿದರೆ, "ಹಾಗಾದ್ರೆ ಊಟಿ ಇರಬೇಕು!" ಅದೂ ಅಲ್ಲ. ಇದು ಬಾರ್ಶಿ ಲೈಟ್ ರೈಲ್ವೆ ಅಂದರೆ ಹೆಚ್ಚಿನವರು ಸುಮ್ಮನಾಗುತ್ತಾರೆ. ಬೆಳಗಾವಿ, ವಿಜಾಪುರ, ಸೊಲ್ಲಾಪುರ ಕಡೆಯ ಹಿರಿಯರು ಮಾತ್ರ ಕನ್ನಡಕ ಸರಿ ಮಾಡಿಕೊಂಡು ಹತ್ತಿರ ಬರುತ್ತಾರೆ.

ಆ ರೈಲಿನ ಕಥೆಯನ್ನೂ, ಅದನ್ನು ಹಲಗೆಯ ಮೇಲೆ ಕಟ್ಟಲು ನಾನು ಇಂಗ್ಲೆಂಡಿನ ಯಾವುದೋ ಹಳ್ಳಿಯ ರೈಲಿನ ಕಿಟ್ ಏಕೆ ತರಿಸಬೇಕಾಯಿತು ಎಂಬುದನ್ನೂ ಹೇಳುತ್ತೇನೆ. ಎರಡೂ ಒಂದೇ ಕಥೆ.

ಪಂಢರಪುರಕ್ಕೆ ಹೋಗುತ್ತಿದ್ದ ರೈಲು

ಎವರಾರ್ಡ್ ಕ್ಯಾಲ್‌ಥ್ರಾಪ್ ಎಂಬ ಇಂಗ್ಲಿಷ್ ಇಂಜಿನಿಯರ್ 1882ರಲ್ಲಿ ನಮ್ಮ ಜಿಐಪಿ ರೈಲ್ವೆಯ ಕೆಲಸಕ್ಕೆ ಸೇರಿದ. (ಈಗಿನ ಸೆಂಟ್ರಲ್ ರೈಲ್ವೆಯ ಹಿರಿಯಣ್ಣ ಅದು.) ಆಗ ಮುಂಬೈ–ಸೊಲ್ಲಾಪುರ ದಾರಿಯ ಬಾರ್ಶಿ ರೋಡ್, ಅಂದರೆ ಈಗಿನ ಕುರ್ಡುವಾಡಿ, ಸ್ಟೇಷನ್ನಿನಿಂದ ಬಾರ್ಶಿ ಪೇಟೆಗೆ ಸುಮಾರು 35 ಕಿ.ಮೀ. ಹತ್ತಿ, ಎಣ್ಣೆಕಾಳು ಎಲ್ಲ ಎತ್ತಿನ ಗಾಡಿಯ ಮೇಲೆ. ಅಷ್ಟು ದೂರಕ್ಕೆ ಬ್ರಾಡ್ ಗೇಜ್ ಹಾಕಿದರೆ ಹಾಕಿದ ದುಡ್ಡು ಹುಟ್ಟುವುದಿಲ್ಲ. ಕ್ಯಾಲ್‌ಥ್ರಾಪ್‌ನ ಲೆಕ್ಕ ಬೇರೆ ಇತ್ತು. ಹಳಿಗಳ ಅಂತರ ಎರಡೂವರೆ ಅಡಿ ಇರಲಿ, ಹಳಿಯೂ ಹಗುರ ಇರಲಿ. ಆದರೆ ಭಾರವನ್ನು ಸರಿಯಾಗಿ ಹಂಚಿದರೆ ಆ ಹಗುರ ಹಳಿಯ ಮೇಲೂ ಒಳ್ಳೆಯ ಲೋಡ್ ಸಾಗಿಸಬಹುದು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅವನು ಹಾಕಿಸಿದ ಹಳಿಯ ತೂಕ ಗಜಕ್ಕೆ 30 ಪೌಂಡ್, ಅಂದರೆ ಮೀಟರಿಗೆ ಸುಮಾರು 15 ಕೆ.ಜಿ. ಈಗಿನ ಬ್ರಾಡ್ ಗೇಜ್ ಹಳಿ ಮೀಟರಿಗೆ 60 ಕೆ.ಜಿ. ಇರುತ್ತದೆ! ಅಂಥ ಹಳಿ ಒಂದು ಅಚ್ಚಿನ ಮೇಲೆ 5 ಟನ್ ಭಾರ ತಡೆಯುತ್ತದೆ. ಆದ್ದರಿಂದ ಇಂಜಿನ್ ಆಗಲಿ, ಬೋಗಿ ಆಗಲಿ, ವ್ಯಾಗನ್ ಆಗಲಿ, ಯಾವ ಅಚ್ಚಿನ ಮೇಲೂ 5 ಟನ್ನಿಗಿಂತ ಹೆಚ್ಚು ಬೀಳಬಾರದು ಎಂಬ ನಿಯಮ ಮಾಡಿದ. ಇಂಜಿನ್ ಭಾರವಾದರೆ? ಗಾಲಿ ಹೆಚ್ಚು ಮಾಡು! ಲೀಡ್ಸ್‌ನ ಕಿಟ್ಸನ್ ಕಂಪನಿ ಕಟ್ಟಿಕೊಟ್ಟ ಮೊದಲ ಇಂಜಿನ್‌ಗಳಿಗೆ ಎಂಟು ಚಾಲಕ ಗಾಲಿ, ಹಿಂದೆ ಮತ್ತೆ ನಾಲ್ಕು ಸಣ್ಣ ಗಾಲಿ. ವ್ಯಾಗನ್ನುಗಳಿಗೆ ಮರದ ಬದಲು ಒತ್ತಿದ ಉಕ್ಕಿನ ಚೌಕಟ್ಟು. ಭಾರತಕ್ಕೆ ಕಳಿಸುವ ಮೊದಲು ಲೀಡ್ಸ್ ಹತ್ತಿರದ ನ್ಯೂಲೇ ಎಂಬಲ್ಲಿ ಹಳಿ ಹಾಕಿ ಎಲ್ಲವನ್ನೂ ಓಡಿಸಿ ನೋಡಿದರು.

1897ರಲ್ಲಿ ಬಾರ್ಶಿಗೆ ರೈಲು ಬಂತು. 1906ರಲ್ಲಿ ಪಂಢರಪುರಕ್ಕೆ, 1911ರಲ್ಲಿ ಲಾತೂರಿಗೆ, 1927ರಲ್ಲಿ ಮಿರಜ್‌ಗೆ. ಒಟ್ಟು ಸುಮಾರು 325 ಕಿ.ಮೀ. ಮಿರಜ್ ತಲುಪಿದ ಅದೇ 1927ರಲ್ಲಿ ಕ್ಯಾಲ್‌ಥ್ರಾಪ್ ತೀರಿಕೊಂಡ. (ಮೊದಲ ಮಹಾಯುದ್ಧದ ಕಾಲದಲ್ಲಿ 'ಗಾರ್ಡಿಯನ್ ಏಂಜೆಲ್' ಎಂಬ ಪ್ಯಾರಾಚೂಟ್ ಮಾಡಿದವನೂ ಇದೇ ಆಸಾಮಿ!) 1954ರಲ್ಲಿ ಸರ್ಕಾರ ಈ ಕಂಪನಿ ರೈಲನ್ನು ಕೊಂಡುಕೊಂಡಿತು.

ಮಿರಜ್‌ಗೆ ಈ ರೈಲು ಬಂದದ್ದೇ ನಮ್ಮ ಕಡೆಯ ಜನಕ್ಕೆ ಪಂಢರಪುರದ ಬಾಗಿಲು ತೆರೆದಂತಾಯಿತು. ವಿಠ್ಠಲ ಬರೀ ಮಹಾರಾಷ್ಟ್ರದ ದೇವರಲ್ಲ. ಜ್ಞಾನೇಶ್ವರರೇ ಅವನನ್ನು ಕನ್ನಡದವನು ಎಂದು ಕರೆದಿದ್ದಾರೆ, ನಮ್ಮ ದಾಸರಿಗಂತೂ ಅವನೇ ಎಲ್ಲ. ರಾಯಬಾಗ, ಚಿಕ್ಕೋಡಿ, ಗೋಕಾಕ ಕಡೆಯವರು ಮೀಟರ್ ಗೇಜ್ ಗಾಡಿಯಲ್ಲಿ ಮಿರಜ್‌ಗೆ ಬಂದು ಸಣ್ಣ ಗಾಡಿ ಹತ್ತುತ್ತಿದ್ದರು. ಆರಗ, ಬೇಳಂಕಿ, ಸಲಗರೆ, ಕವಠೆ ಮಹಾಂಕಾಳ, ಜತ್ ರೋಡ್, ಸಾಂಗೋಲೆ... ಜತ್ ಸೀಮೆಯಲ್ಲಂತೂ ಬೋಗಿಯೊಳಗೆ ಅರ್ಧ ಕನ್ನಡ, ಅರ್ಧ ಮರಾಠಿ. 1971ರಲ್ಲಿ ಪುಣೆ–ಮಿರಜ್ ದಾರಿ ಬ್ರಾಡ್ ಗೇಜ್ ಆದ ಮೇಲೆ ಮಿರಜ್ ಒಂದೇ ಜಂಕ್ಷನ್ನಿನಲ್ಲಿ ಮೂರೂ ಗೇಜ್ ಇದ್ದವು. ಪುಣೆಗೆ ದೊಡ್ಡದು, ಲೋಂಡಾಕ್ಕೆ ನಡುವಿನದು, ಪಂಢರಪುರಕ್ಕೆ ಸಣ್ಣದು.

ಇಂಗ್ಲೆಂಡಿನ ಮೊಮ್ಮಗ

ಈಗ ಕಿಟ್ ವಿಷಯಕ್ಕೆ ಬರೋಣ. ಬಾರ್ಶಿಯಲ್ಲಿ ಗೆದ್ದ ಕ್ಯಾಲ್‌ಥ್ರಾಪ್‌ನನ್ನು ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್‌ನಲ್ಲಿ ಒಂದು ಸಣ್ಣ ರೈಲಿಗೆ ಇಂಜಿನಿಯರ್ ಆಗಿ ಕರೆದರು. ಅದರ ಹೆಸರು ಲೀಕ್ ಅಂಡ್ ಮ್ಯಾನಿಫೋಲ್ಡ್ ವ್ಯಾಲಿ ಲೈಟ್ ರೈಲ್ವೆ. ಅಲ್ಲೂ ಎರಡೂವರೆ ಅಡಿಯ ಹಳಿ, ಅಲ್ಲೂ ಕಿಟ್ಸನ್ ಇಂಜಿನ್. ಇದ್ದದ್ದು ಎರಡೇ ಇಂಜಿನ್, ಒಂದಕ್ಕೆ ಇಟ್ಟದ್ದು ಕ್ಯಾಲ್‌ಥ್ರಾಪ್‌ನದೇ ಹೆಸರು. ಮುಂದೆ ನಮ್ಮ ದೇಶದ ಇಂಜಿನ್‌ಗಳ ಥರದ ದೊಡ್ಡ ಹೆಡ್‌ಲೈಟು, ಎರಡೂ ತುದಿಗೆ ಬಾಲ್ಕನಿ ಇದ್ದ ತಿಳಿ ಹಳದಿ ಬಣ್ಣದ ಬೋಗಿಗಳು. ಹಸಿರು ಕಣಿವೆಯ ನಡುವೆ ಬಾರ್ಶಿಯ ಗಾಡಿ ದಾರಿ ತಪ್ಪಿ ಬಂದ ಹಾಗೆ! 1904ರಲ್ಲಿ ಶುರುವಾದ ಈ ಲೈನಿನ ಉದ್ದ ಕೇವಲ 8 ಮೈಲಿ. 1934ರಲ್ಲಿ ಮುಚ್ಚಿಯೂ ಹೋಯಿತು. ಈಗ ಅದರ ಜಾಡು ನಡೆದಾಡುವವರ, ಸೈಕಲ್ ಹೊಡೆಯುವವರ ದಾರಿ.

ಆದರೆ ಅದು ಮಾಡೆಲ್ ಮಾಡುವವರ ಕಣ್ಣಿಗೆ ಬಿತ್ತು. ಇಂಗ್ಲೆಂಡಿನಲ್ಲಿ ಈ ಹವ್ಯಾಸ ಹಬ್ಬಿದ್ದು ಎರಡನೇ ಮಹಾಯುದ್ಧದ ನಂತರ. 1951ರಲ್ಲಿ ವೇಲ್ಸ್‌ನ ತಾಲಿಥ್ಲಿನ್ ಎಂಬ ನ್ಯಾರೋ ಗೇಜ್ ರೈಲನ್ನು ಸ್ವಯಂಸೇವಕರೇ ನಡೆಸಲು ಹೊರಟರು. ಹಳೆಯ ಸಣ್ಣ ರೈಲುಗಳ ಮೇಲೆ ಪ್ರೀತಿ ಹುಟ್ಟಿತು. ಎಡಿನ್‌ಬರೋದಲ್ಲಿ ಪಿ. ಡಿ. ಹ್ಯಾನ್ಕಾಕ್ ಎಂಬವರು ಅದಕ್ಕೂ ಮೊದಲೇ ಮನೆಯೊಳಗೆ ಒಂದು ಕಲ್ಪನೆಯ ನ್ಯಾರೋ ಗೇಜ್ ಲೇಔಟ್ ಕಟ್ಟಲು ಶುರು ಮಾಡಿದ್ದರು. ಅದರ ಫೋಟೋ, ಲೇಖನ ನೋಡಿ ಎಷ್ಟೋ ಜನ ಕೈ ಹಾಕಿದರು. 1960ರ ದಶಕದಲ್ಲಿ 9 ಮಿ.ಮೀ. ಹಳಿಯ ಮೇಲೆ ಓಡುವ ಪುಟ್ಟ ಮೋಟಾರುಗಳು ಅಂಗಡಿಗೆ ಬಂದವು. ಅದೇ ಮೋಟಾರಿನ ಮೇಲೆ ದೊಡ್ಡ ಅಳತೆಯ ಮೈ ಕೂರಿಸಿದರೆ ನ್ಯಾರೋ ಗೇಜ್ ಇಂಜಿನ್ ಸಿದ್ಧ. ಇಂಥವರು ಸೇರಿ 1973ರಲ್ಲಿ 009 ಸೊಸೈಟಿ ಕಟ್ಟಿಕೊಂಡರು.

ಹೀಗಾಗಿ 8 ಮೈಲಿಯ, ಮೂವತ್ತು ವರ್ಷ ಬಾಳಿದ ರೈಲಿಗೆ ಪುಸ್ತಕ ಇದೆ, ನಕ್ಷೆ ಇದೆ, ಇಂಜಿನ್ನಿನ ಕಿಟ್ ಇದೆ, ಬೋಗಿಯ ಕಿಟ್ ಇದೆ. ಒಂದು ಶತಮಾನ ಲಕ್ಷಾಂತರ ಯಾತ್ರಿಕರನ್ನು ಹೊತ್ತ 325 ಕಿ.ಮೀ. ರೈಲಿನ ಹೆಸರನ್ನು ನನ್ನ ಕೈಗೆ ಬಂದ ಯಾವ ಕ್ಯಾಟಲಾಗಿನಲ್ಲೂ ನಾನು ನೋಡಲಿಲ್ಲ. ನನಗೆ ಬಾರ್ಶಿ ಬೇಕಾಗಿತ್ತು, ಸಿಕ್ಕದ್ದು ಮ್ಯಾನಿಫೋಲ್ಡ್. ಮೊಮ್ಮಗನ ಮೂಗು ನೋಡಿ ಅಜ್ಜನ ಚಿತ್ರ ಬರೆಯುವ ಹಾಗೆ ಅಲ್ಲಿಂದಲೇ ಶುರು ಮಾಡಿದೆ.

ಹಿತ್ತಾಳೆ ತಗಡು, ಬಣ್ಣ, ಮಳೆಗಾಲ

ಅಳತೆಯ ಲೆಕ್ಕ ಮೊದಲು. ಒಂದು ಅಡಿಗೆ 4 ಮಿಲಿಮೀಟರ್ ಎಂಬ ಅಳತೆ ಹಿಡಿದರೆ ಎರಡೂವರೆ ಅಡಿಯ ಗೇಜ್ ಸರಿಯಾಗಿ 10 ಮಿ.ಮೀ. ಆಗಬೇಕು. ಅಂಗಡಿಯಲ್ಲಿ ಸಿಗುವ ಹಳಿ 9 ಮಿ.ಮೀ. ಈ ಒಂದು ಮಿಲಿಮೀಟರನ್ನು ಎಲ್ಲರೂ ಹೊಟ್ಟೆಗೆ ಹಾಕಿಕೊಳ್ಳುತ್ತಾರೆ, ನಾನೂ ಹಾಕಿಕೊಂಡೆ. ಬಾರ್ಶಿಯ ವ್ಯಾಗನ್ನಿನ ಚೌಕಟ್ಟು 25 ಅಡಿ, ಹಲಗೆಯ ಮೇಲೆ ಹತ್ತು ಸೆಂಟಿಮೀಟರ್. ಸ್ಕೂಲಿನ ಫುಟ್‌ಪಟ್ಟಿಯಲ್ಲಿ ಅಳೆಯಬಹುದು! ಇನ್ನೊಂದು ಅನುಕೂಲ ಏನೆಂದರೆ ಈ ಗಾಡಿಗಳು 9 ಅಂಗುಲ ತ್ರಿಜ್ಯದ ತಿರುವಿನಲ್ಲೂ ತಿರುಗುತ್ತವೆ. ಮುಂಬೈಯ ಒನ್ ರೂಮ್ ಕಿಚನ್‌ಗೆ ನ್ಯಾರೋ ಗೇಜೇ ಸರಿ ಅಂತ ನಾನು ಹೇಳಿದರೆ ನಮ್ಮ ಮನೆಯವಳು, "ಹಂಗಾದ್ರ ಆ ದೊಡ್ಡ ಕಪಾಟು ಯಾಕ ಬೇಕಾತು ನಿಮ್ಮ ಡಬ್ಬಿಗೋಳಿಗೆ?" ಅನ್ನುತ್ತಾಳೆ.

ಬೋಗಿಯ ಕಿಟ್ ಅಂದರೆ ಆಸಿಡ್ಡಿನಿಂದ ಕೊರೆದ ತೆಳು ಹಿತ್ತಾಳೆ ತಗಡು. ಕಿಟಕಿ, ಬಾಗಿಲು, ಕಂಬಿ ಎಲ್ಲ ಅದರಲ್ಲೇ ಇರುತ್ತವೆ. ಮಡಚುವ ಕಡೆ ಅರ್ಧ ಆಳ ಕೊರೆದ ಗೆರೆ. ಆ ಗೆರೆ ಒಳಗಡೆ ಬರುವಂತೆ ಮಡಚಿ ಬೆಸುಗೆ ಹಾಕಬೇಕು. ಬೆಸುಗೆಯ ಕಡ್ಡಿ ಲ್ಯಾಮಿಂಗ್ಟನ್ ರೋಡಿನದು, ಸಣ್ಣ ಡ್ರಿಲ್, ಅರ, ಇಕ್ಕಳ ನಾಗದೇವಿ ಸ್ಟ್ರೀಟಿನವು. ಇಂಜಿನ್ನಿನ ಮೈ ಬಿಳಿ ಲೋಹದ ಎರಕ. ಅದಕ್ಕೆ ಮಾಮೂಲಿ ಬೆಸುಗೆ ಕಡ್ಡಿ ಇಟ್ಟರೆ ಬೆಣ್ಣೆಯ ಹಾಗೆ ಕರಗಿಹೋಗುತ್ತದೆ. 70 ಡಿಗ್ರಿಗೇ ಕರಗುವ ಬೇರೆ ಬೆಸುಗೆ ಬೇಕು, ಇಲ್ಲವೆ ಅಂಟು.

ಕಟ್ಟಿದ ಮೇಲೆ ಹಳೇ ಹಲ್ಲುಜ್ಜುವ ಬ್ರಶ್ಶು, ಪಾತ್ರೆ ತೊಳೆಯುವ ಸೋಪು ಹಾಕಿ ಚೆನ್ನಾಗಿ ತೊಳೆಯಬೇಕು. ಬೆಸುಗೆಯ ಜಿಡ್ಡು ಉಳಿದರೆ ಬಣ್ಣ ಹಿಡಿಯುವುದಿಲ್ಲ. ಆಮೇಲೆ ಬೂದು ಪ್ರೈಮರ್. ಅದರ ಮೇಲೆ ತೆಳ್ಳಗೆ ಎರಡು ಮೂರು ಕೋಟ್. ಒಂದೇ ಸಲ ದಪ್ಪಗೆ ಬಳಿದರೆ ಆ್ಯಸಿಡ್ಡಿನಲ್ಲಿ ಅಷ್ಟು ಸೂಕ್ಷ್ಮವಾಗಿ ಕೊರೆದ ಗೆರೆಗಳೆಲ್ಲ ಮುಚ್ಚಿಹೋಗುತ್ತವೆ. ಮುಂಬೈಯ ಮಳೆಗಾಲದಲ್ಲಿ ಸ್ಪ್ರೇ ಬಣ್ಣದ ಮಾತೇ ಬೇಡ. ಗಾಳಿಯ ತೇವಕ್ಕೆ ಮೇಲೆ ಬಿಳಿ ಮಂಜು ಕಟ್ಟುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಸುಗೆ, ದಸರೆಯ ಮೇಲೆ ಬಣ್ಣ, ಇದು ನಮ್ಮ ಮನೆಯ ಪಂಚಾಂಗ.

ಆದರೆ ಯಾವ ಬಣ್ಣ? ಕಿಟ್ಟಿನ ಕಾಗದದಲ್ಲಿ ತಿಳಿ ಹಳದಿ ಅಂತ ಬರೆದಿತ್ತು. ಅದು ಸ್ಟಾಫರ್ಡ್‌ಶೈರ್‌ನ ಬಣ್ಣ. ನಾನು ಕಂಡ ಬೋಗಿಯ ಬಣ್ಣ ಒಣಗಿದ ಕುಂಕುಮದ್ದು, ಬಿಸಿಲಿಗೆ ಅಲ್ಲಲ್ಲಿ ಇಟ್ಟಿಗೆಯ ಹಾಗಾದದ್ದು. ಕ್ಯಾಮ್ಲಿನ್ ಬಣ್ಣದ ಡಬ್ಬಿಗಳನ್ನು ಬೆರೆಸಿ, ಕಾಗದದ ಮೇಲೆ ಬಳಿದು, ಒಣಗಿಸಿ, ಮತ್ತೆ ಬೆರೆಸಿ, ಹದಿನಾಲ್ಕನೇ ಚೂರಿಗೆ ಆ ಬಣ್ಣ ಬಂತು. ದೇವನಾಗರಿಯಲ್ಲಿ ಬೋಗಿಯ ಮೇಲಿನ ಅಕ್ಷರಗಳು ರೆಡಿಮೇಡ್ ಸಿಗುವುದಿಲ್ಲ. ಮೂರು ಸೊನ್ನೆ ನಂಬರಿನ ಕುಂಚದಲ್ಲಿ ಉಸಿರು ಹಿಡಿದು ಬರೆಯಬೇಕು.

ಹಗುರ ಬೋಗಿ ಹಳಿಯ ಮೇಲೆ ನಿಲ್ಲುವುದಿಲ್ಲ, ತಿರುವಿನಲ್ಲಿ ಉರುಳುತ್ತದೆ. ನಮ್ಮ ಏರಿಯಾದಲ್ಲಿ ಗ್ಯಾರೇಜುಗಳಿಗೆ ಕೊರತೆಯಿಲ್ಲವಲ್ಲ, ಟೈರ್ ಬ್ಯಾಲೆನ್ಸಿಂಗ್ ಮಾಡುವ ಸೀಸದ ತುಂಡುಗಳನ್ನು ತಂದು ಬೋಗಿಯ ನೆಲಕ್ಕೆ ಅಂಟಿಸುತ್ತೇನೆ. ಒಂದೇ ಕಡೆ ಅಂಟಿಸಿದರೆ ಮತ್ತೆ ಉರುಳುತ್ತದೆ, ಎರಡೂ ತುದಿಯ ಅಚ್ಚುಗಳಿಗೆ ಸಮ ಬೀಳಬೇಕು. ಕ್ಯಾಲ್‌ಥ್ರಾಪ್‌ನ 5 ಟನ್ ಪಾಠ ನನಗೆ ಅರ್ಥವಾದದ್ದು ಪುಸ್ತಕದಿಂದಲ್ಲ, ಈ ಸೀಸದ ಚೂರುಗಳಿಂದ.

ನೆಲಕ್ಕೆ ಊರಿಂದ ತಂದ ಎರೆ ಮಣ್ಣು. ಚಹಾ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದು, ನೀರು ಬೆರೆಸಿದ ಫೆವಿಕಾಲ್‌ಗೆ ಒಂದು ಹನಿ ಸೋಪು ಹಾಕಿ, ಡ್ರಾಪರ್‌ನಲ್ಲಿ ಬಿಟ್ಟರೆ ಕಲ್ಲಿನ ಹಾಗೆ ಕೂರುತ್ತದೆ. ಒಣಗಿದ ತುಳಸಿ ಕಡ್ಡಿಗಳೇ ಜಾಲಿ ಮರಗಳು.

22 ಮಿಲಿಮೀಟರಿನ ವಾರಕರಿ

ಕಿಟ್ಟಿನ ಜೊತೆ ತರಿಸಿದ ಪ್ರಯಾಣಿಕರ ಗೊಂಬೆಗಳು ಹ್ಯಾಟು ಕೋಟಿನವು. ಎಂ-ಸೀಲ್‌ನಿಂದ ಅವಕ್ಕೆ ಧೋತರ ಉಡಿಸಿದೆ, ರುಮಾಲು ಸುತ್ತಿದೆ. ನನ್ನ ಅಪ್ಪ ವಾರಕರಿ. ರಾಯಬಾಗ ತಾಲ್ಲೂಕಿನ ನಮ್ಮ ಹಳ್ಳಿಯಿಂದ ಪ್ರತಿ ಆಷಾಢಕ್ಕೂ ಪಂಢರಪುರಕ್ಕೆ ಹೋಗುತ್ತಿದ್ದರು. 1962ರಲ್ಲಿ, ನಾನು ಎಂಟು ವರ್ಷದವನಿದ್ದಾಗ, ನನ್ನನ್ನೂ ಕರೆದುಕೊಂಡು ಹೋದರು. ಗಾಡಿಯೊಳಗೆ ಎಷ್ಟು ಜನವೋ ಮೇಲೂ ಅಷ್ಟೇ ಜನ. ಏರು ಬಂದಾಗ ಗಾಡಿ ಎಷ್ಟು ನಿಧಾನ ಆಗುತ್ತಿತ್ತೆಂದರೆ ಗಂಡಸರು ಇಳಿದು ಪಕ್ಕದಲ್ಲೇ ನಡೆದು ಮತ್ತೆ ಹತ್ತುತ್ತಿದ್ದರು. ನನಗೆ ಸಿಟ್ಟು ಬಂದು, "ಅಪ್ಪಾ, ಇದು ಯಾವಾಗ ಮುಟ್ಟತದ?" ಅಂದೆ. "ಗಾಡಿಗೂ ವಾರಿ ಮಾಡೂದೈತಿ ತಮ್ಮಾ, ನಡಕೋತ ಬರ್ತದ" ಅಂದರು. ಎದುರಿನ ಅಜ್ಜಿಯೊಬ್ಬರು ಅವಲಕ್ಕಿ ಕೊಟ್ಟದ್ದು, ಮರದ ಬೆಂಚಿನ ಸಂದಿಗೆ ನನ್ನ ಅಂಗಿ ಸಿಕ್ಕಿ ಹರಿದದ್ದು ಈಗಲೂ ನೆನಪಿದೆ.

ಈ ಬೆಂಚು ಹೇಗಿತ್ತು, ಎಷ್ಟು ಎತ್ತರ, ಎಷ್ಟು ಸಾಲು, ಕಿಟಕಿಯ ಮರದ ಪಟ್ಟಿ ಮೇಲೆ ಏರುತ್ತಿತ್ತೋ ಕೆಳಗೆ ಇಳಿಯುತ್ತಿತ್ತೋ, ಕಟ್ಟಲು ಕೂತಾಗ ಇವೆಲ್ಲ ಬೇಕು. ದೂರದ ದೇಶಗಳಿಂದ ಬಂದ ರೈಲುಪ್ರೇಮಿಗಳು ಬಾರ್ಶಿಯ ಇಂಜಿನ್‌ಗಳ ಫೋಟೋ ತೆಗೆದಿದ್ದಾರೆ, ಅವರಿಗೆ ದೊಡ್ಡ ಥ್ಯಾಂಕ್ಸ್. ಆದರೆ ಮೂರನೇ ದರ್ಜೆಯ ಬೋಗಿಯ ಒಳಗೆ ಕೂತು ಫೋಟೋ ಹೊಡೆದವರು ನನಗೆ ಸಿಕ್ಕಿಲ್ಲ. ಒಳಗಿದ್ದವರು ನಮ್ಮ ಜನ, ಅವರ ಹತ್ತಿರ ಕ್ಯಾಮೆರಾ ಇರಲಿಲ್ಲ. ಹಾಗಾಗಿ ಇಂಜಿನ್ ನಕ್ಷೆಯಿಂದ ಬಂತು, ಬೋಗಿಯ ಒಳಗೆ ನೆನಪಿನಿಂದ ಬಂತು. ಅಪ್ಪನ ಎತ್ತರ ಐದೂವರೆ ಅಡಿ, ಈ ಅಳತೆಯಲ್ಲಿ 22 ಮಿಲಿಮೀಟರ್. ಹೆಗಲ ಮೇಲೆ ಪತಾಕೆ. ಬಾಗಿಲ ಹತ್ತಿರ ನಿಲ್ಲಿಸಿದ್ದೇನೆ.

ಬೆಟ್ಟದ ರೈಲು, ಬಯಲಿನ ರೈಲು

ಮಾಥೇರಾನಿನ ಮಾತು ಬಂತಲ್ಲ. ಅದು ಎರಡು ಅಡಿಯ ಗೇಜ್. ಸರ್ ಆದಮ್‌ಜೀ ಪೀರ್‌ಭಾಯ್ ದುಡ್ಡು ಹಾಕಿ, ಅವರ ಮಗ ಅಬ್ದುಲ್ ಹುಸೇನ್ ಮುಂದೆ ನಿಂತು ಕಟ್ಟಿಸಿ, 1907ರಲ್ಲಿ ತೆರೆದ ರೈಲು. 2005ರ ಜುಲೈ ಮಳೆಯಲ್ಲಿ ಕೊಚ್ಚಿಹೋಗಿ 2007ರಲ್ಲಿ ಮತ್ತೆ ಓಡಿತು. 2019ರ ಮಳೆಯಲ್ಲಿ ಮತ್ತೆ ಹಾಳಾಗಿ, ನೇರಳ್‌ನಿಂದ ಮೇಲಿನವರೆಗೆ 2022ರ ಅಕ್ಟೋಬರ್‌ನಲ್ಲಿ ಮತ್ತೆ ಶುರುವಾಯಿತು. ಎಷ್ಟು ಸಲ ಬಿದ್ದರೂ ಎತ್ತಿ ನಿಲ್ಲಿಸುತ್ತಾರೆ. ಡಾರ್ಜಿಲಿಂಗ್ ರೈಲು 1999ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ, ಅದರ ಇಂಜಿನ್ನಿಗೆ ಕಿಟ್ಟುಗಳೂ ಇವೆ. ಬೆಟ್ಟದ ರೈಲಿಗೆ ಪ್ರವಾಸಿಗರಿದ್ದಾರೆ. ಬಯಲಿನ ರೈಲಿಗೆ ಇದ್ದವರು ಪ್ರಯಾಣಿಕರು ಮಾತ್ರ.

ನಮ್ಮ ಹಳೇ ಮೈಸೂರಿನ ಕಥೆಯೂ ಇದೇ. 1910ರ ದಶಕದಲ್ಲಿ ಬಂಗಾರಪೇಟೆಯಿಂದ ಕೋಲಾರ, ಚಿಂತಾಮಣಿ, ಚಿಕ್ಕಬಳ್ಳಾಪುರ, ದೇವನಹಳ್ಳಿ, ಯಲಹಂಕದವರೆಗೆ ಎರಡೂವರೆ ಅಡಿಯ ರೈಲು ಹಾಕಿದರು. ಕೊನೆಗೆ ಕೋಲಾರ–ಚಿಕ್ಕಬಳ್ಳಾಪುರ ತುಂಡೂ ಬ್ರಾಡ್ ಗೇಜ್ ಆಗಿ 2013ರಲ್ಲಿ ತೆರೆಯಿತು. ನಂದಿ ಹಾಲ್ಟ್, ದೊಡ್ಡಜಾಲದಂಥ ಹಳೆಯ ಸ್ಟೇಷನ್ ಕಟ್ಟಡಗಳನ್ನು ಇನ್‌ಟ್ಯಾಕ್‌ನವರು ಕೈಗೆತ್ತಿಕೊಂಡದ್ದು ಸಂತೋಷದ ವಿಷಯ. ಕೋಲಾರದ ಕಡೆಯ ಮಿತ್ರರು ಯಾರಾದರೂ ಅದನ್ನು ಕಟ್ಟುವುದಾದರೆ 1:87 ಅಳತೆ ಹಿಡಿಯಿರಿ. ಎರಡೂವರೆ ಅಡಿ ಅಲ್ಲಿ 8.76 ಮಿ.ಮೀ. ಆಗುತ್ತದೆ, ಅಂಗಡಿಯ 9 ಮಿ.ಮೀ. ಹಳಿಗೆ ಹೆಚ್ಚುಕಡಿಮೆ ಸರಿ!

ಬಾರ್ಶಿ ಲೈನನ್ನೂ 2000ದ ನಂತರ ಹಂತಹಂತವಾಗಿ ಬ್ರಾಡ್ ಗೇಜ್ ಮಾಡಿದರು. ಅಯ್ಯೋ ಅಂತ ಹಲುಬುವವನು ನಾನಲ್ಲ. 2016ರ ಏಪ್ರಿಲ್‌ನಲ್ಲಿ ಲಾತೂರಿಗೆ ಕುಡಿಯುವ ನೀರೇ ಇಲ್ಲದಾದಾಗ ಮಿರಜ್‌ನಿಂದ ರೈಲಿನಲ್ಲಿ ನೀರು ಕಳಿಸಿದ್ದು ನಿಮಗೆ ನೆನಪಿರಬಹುದು. ಪಂಢರಪುರ, ಕುರ್ಡುವಾಡಿ ಮೇಲೆ, ಅದೇ ಹಳೆಯ ಬಾರ್ಶಿ ದಾರಿಯಲ್ಲಿ. ಮೊದಲು ಹತ್ತು ವ್ಯಾಗನ್, ಐದು ಲಕ್ಷ ಲೀಟರ್. ಆಮೇಲೆ ಐವತ್ತು ವ್ಯಾಗನ್. ಒಂದು ವ್ಯಾಗನ್ನಿಗೆ 50 ಟನ್ ನೀರು! ಅಚ್ಚಿಗೆ 5 ಟನ್ ಲೆಕ್ಕದ ಹಳಿಯ ಮೇಲೆ ನಾಲ್ಕು ಅಚ್ಚಿನ ವ್ಯಾಗನ್, ತನ್ನ ಮೈಭಾರವೂ ಸೇರಿ, 20 ಟನ್ ದಾಟುವ ಹಾಗಿರಲಿಲ್ಲ. ದೊಡ್ಡ ಹಳಿ ಬಂದದ್ದು ಒಳ್ಳೆಯದೇ ಆಯಿತು. ಅಪ್ಪ ಇದ್ದಿದ್ದರೂ ಅದನ್ನೇ ಹೇಳುತ್ತಿದ್ದರು.

ನನ್ನ ತಕರಾರು ಇಷ್ಟೇ. ಹೋದದ್ದು ಹೋಗಲಿ, ಹೇಗಿತ್ತು ಅಂತ ನಮ್ಮ ಕಡೆ ಬರೆದಿಟ್ಟವರು ಕಡಿಮೆ. ಇಂಗ್ಲೆಂಡಿನವರು ತಮ್ಮ 8 ಮೈಲಿಯ ಮೊಳೆ ಮೊಳೆಯನ್ನೂ ಅಳೆದಿಟ್ಟರು, ಅದಕ್ಕೇ ಅದು ಇವತ್ತಿಗೂ ಡಬ್ಬಿಯಲ್ಲಿ ಸಿಗುತ್ತದೆ. ನಮ್ಮದನ್ನು ಅಳೆದಿಡುವವರು ನಾವೇ ಆಗಬೇಕು. ಅಥಣಿ, ಜತ್, ಮಂಗಳವೇಢೆ, ಸೊಲ್ಲಾಪುರ, ವಿಜಾಪುರದ ಕಡೆಯವರೇ, ನಿಮ್ಮ ಮನೆಯ ಹಿರಿಯರಲ್ಲಿ ಆ ಸಣ್ಣ ಗಾಡಿ ಹತ್ತಿದವರು ಇನ್ನೂ ಇದ್ದರೆ ಈ ದೀಪಾವಳಿಗೆ ಊರಿಗೆ ಹೋದಾಗ ಕೂತು ಕೇಳಿ. ಬೆಂಚು ಉದ್ದಕ್ಕಿತ್ತೋ ಅಡ್ಡಕ್ಕಿತ್ತೋ, ರಾತ್ರಿ ದೀಪ ಎಂಥದ್ದು, ಟಿಕೆಟ್ ಎಷ್ಟು, ಕಿಟಕಿಗೆ ಕಂಬಿ ಇತ್ತೋ ಇಲ್ಲವೋ. ಟ್ರಂಕಿನ ತಳದಲ್ಲಿ ಒಂದು ಹಳೆಯ ಫೋಟೋ, ಒಂದು ರಟ್ಟಿನ ಟಿಕೆಟ್ ಸಿಕ್ಕರೂ ಬರೆದಿಡಿ, ದಿನಾಂಕ ಹಾಕಿ. ನನ್ನ ಐದನೇ ಬೋಗಿಯ ತಗಡು ಮಡಚದೆ ಇಟ್ಟಿದ್ದೇನೆ. ಕಿಟಕಿಯ ಪಟ್ಟಿಯ ವಿಷಯ ಇತ್ಯರ್ಥವಾದರೆ ಈ ದಸರೆಯ ನಂತರ ಅದಕ್ಕೂ ಕುಂಕುಮದ ಬಣ್ಣ ಹಚ್ಚುತ್ತೇನೆ.